ಕೆಜಾಯಳ ಜಡೆ

ಬೆರಿಲ್ ಹಾಲ್‌ಸ್ಟೆಡ್ ಮೂವತ್ತು ವರ್ಷಕ್ಕೂ ಮೇಲೆ ಹಾರ್ಡನ್‌ಬೆಕ್ ಊರಿನಲ್ಲಿ ಬಸ್ಸು ಓಡಿಸಿದವಳು. ಕುಡಿದು ಹತ್ತಿದವನಾಗಲಿ, ಎದುರು ಸೀಟಿನ ಮೇಲೆ ಬೂಟುಗಾಲು ಚಾಚಿದವನಾಗಲಿ, ಬಸುರಿ ಹೆಂಗಸು ನಿಂತಿದ್ದರೂ ಕಣ್ಣು ಮುಚ್ಚಿ ನಿದ್ದೆ ನಟಿಸಿದವನಾಗಲಿ, ರಸ್ತೆ ಬದಿಗೆ ಬಸ್ಸು ನಿಲ್ಲಿಸಿ ಬಾಗಿಲು ತೆರೆದು "ಇಳಿ" ಅನ್ನುವಳು. ಎರಡನೆಯ ಸಲ ಹೇಳಿದ್ದು ಯಾರಿಗೂ ನೆನಪಿಲ್ಲ. ಅಂಥ ಹೆಂಗಸು ಊರಿನ ಮ್ಯೂಸಿಯಂ ಬಾಗಿಲಿಗೆ ಹೋದಾಗ ಮಾತ್ರ ಬೆಕ್ಕಿನ ಮರಿಯಾಗಿಬಿಡುತ್ತಿದ್ದಳು. "ದಯವಿಟ್ಟು", "ತೊಂದ್ರೆ ಕೊಟ್ಟೆ, ಕ್ಷಮಿಸಿ", "ಮತ್ತೆ ಬರ್ತೀನಿ ಬಿಡಿ" ಎಂಬ ಮಾತೆಲ್ಲ ಅವಳ ಬಾಯಿಂದ ಬರುವುದನ್ನು ಕೇಳಿದ್ದರೆ ಬಸ್ಸಿನವರು ನಂಬುತ್ತಿರಲಿಲ್ಲ. ಏನು ಮಾಡುವುದು, ಅವಳಿಗೆ ಬೇಕಾದ ವಸ್ತು ಅವರ ಗಾಜಿನ ಪೆಟ್ಟಿಗೆಯಲ್ಲಿತ್ತು.

ವಸ್ತು ಅಂದರೆ ಒಂದು ಜಡೆ. ಮೊಳದುದ್ದದ, ಕಂದು ಕೂದಲಿನ, ನಾಲ್ಕೆಳೆಯ ಜಡೆ. ತುದಿಗೆ ಬೂದುಬಣ್ಣದ ನೂಲಿನ ಗಂಟು. ಅದು ಕೆಜಾಯ ಹಾಲ್‌ಸ್ಟೆಡ್ ಎಂಬ ಹದಿನಾರರ ಹುಡುಗಿಯದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆ ಹುಡುಗಿ ಆಂಬ್ರೋಸ್ ಪಿಕರ್‌ಸ್ಗಿಲ್ ಎಂಬ ಪಿಯಾನೊ ವ್ಯಾಪಾರಿಯ ಮನೆಯಲ್ಲಿ ಕೆಲಸಕ್ಕಿದ್ದಳು. ಅವನು ಅವಳನ್ನು ಕೆಡಿಸಿದ, ವಿಷಯ ಹೊರಗೆ ಬೀಳುವ ಹೊತ್ತಿಗೆ ತಲೆಗೆ ಹೊಡೆದು ಕೊಂದ, ಪಿಯಾನೊ ತುಂಬಿಸುವ ಮರದ ಪೆಟ್ಟಿಗೆಯಲ್ಲಿ ಹೆಣ ಹಾಕಿ ಕಾಲುವೆಗೆ ಸಾಗಿಸಿದ. ಹೆಣ ಮೇಲೆ ಬಂದಾಗ ಮುಖ ಮುಖವಾಗಿ ಉಳಿದಿರಲಿಲ್ಲ. ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ತಾಯಿ ಹ್ಯಾನಾ ಬಂದು, ಒದ್ದೆ ಜಡೆ ಎತ್ತಿ ತುದಿ ನೋಡಿ, "ಇವಳು ನನ್ನವಳು" ಅಂದಳು. ಕೊನೆಯ ಭಾನುವಾರ ರಜೆಗೆ ಬಂದಿದ್ದ ಮಗಳ ತಲೆ ಬಾಚಿ ಹೆಣೆದು, ರಿಬ್ಬನ್ನಿಗೆ ಗತಿಯಿಲ್ಲದೆ ಮಗ್ಗದ ನೂಲಿನಿಂದ ನೇಕಾರರ ಗಂಟು ಹಾಕಿ ಕಳಿಸಿದವಳು ಅವಳೇ. ಎಳೆದಷ್ಟೂ ಬಿಗಿಯುವ ಗಂಟು ಅದು. ಕೋರ್ಟಿನಲ್ಲಿ ತೋರಿಸಬೇಕು ಎಂದು ಪೊಲೀಸರು ಜಡೆ ಕತ್ತರಿಸಿಕೊಂಡರು. "ವಿಚಾರಣೆ ಮುಗಿದ್ಮೇಲೆ ವಾಪಸು ಕೊಡ್ತೀವಮ್ಮ" ಎಂದು ಮಾತು ಕೊಟ್ಟರು.

ವಿಚಾರಣೆ ಮುಗಿಯಿತು, ಪಿಕರ್‌ಸ್ಗಿಲ್ ಗಲ್ಲಿಗೇರಿದ, ಜಡೆ ಮಾತ್ರ ಬರಲಿಲ್ಲ. ಹ್ಯಾನಾ ಸಾಯುವವರೆಗೂ ಠಾಣೆಗೆ ಹೋಗಿ ಕೇಳಿದಳು. ಆಮೇಲೆ ಕೆಜಾಯಳ ಪುಟ್ಟ ತಮ್ಮ ದೊಡ್ಡವನಾಗಿ ಕೇಳಿದ. ಅವನ ಮಗ ಕೇಳಿದ. ಆ ಮಗನ ಮಗ, ಅಂದರೆ ಬೆರಿಲ್‌ಳ ಅಪ್ಪ, ಕೇಳಿದ. ಅಷ್ಟರಲ್ಲಿ ಠಾಣೆಯವರು ಹಳೆಯ ಸಾಮಾನನ್ನೆಲ್ಲ ಮ್ಯೂಸಿಯಂಗೆ ದಾನ ಮಾಡಿ ಕೈತೊಳೆದುಕೊಂಡಿದ್ದರು. ಹಾಲ್‌ಸ್ಟೆಡ್ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಆಸ್ತಿ ಅಂತ ಇದ್ದರೆ ಇದೊಂದೇ, ಜಡೆ ಕೇಳುವ ಕೆಲಸ. ತಾಯಿ ಮಗಳು ಒಟ್ಟಿಗೆ ಮಲಗಿರುವ ಗೋರಿಯಲ್ಲಿ ಅದನ್ನು ಇಡಬೇಕು, ಅಷ್ಟೇ. ಬೆರಿಲ್‌ಗೆ ಮಕ್ಕಳಿಲ್ಲ. ಅವಳ ಕೈಲಿ ಆಗದಿದ್ದರೆ ಇನ್ನು ಕೇಳುವವರೂ ಇಲ್ಲ.

ಮ್ಯೂಸಿಯಂ ಮುಖ್ಯಸ್ಥೆ ಫಿಲಿಪಾ ಡ್ರೂ ಎಂಬಾಕೆಗೆ ಮೂಗಿಗೆ ತುಪ್ಪ ಸವರುವ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಇಲ್ಲ ಅನ್ನುವವಳೇ ಅಲ್ಲ. "ಸಮಿತಿ ಮುಂದೆ ಇಡ್ತೀನಿ" ಅನ್ನುವಳು, "ನೀವು ಅದೇ ವಂಶದವರು ಅನ್ನೋದಕ್ಕೆ ಇನ್ನೂ ಸ್ವಲ್ಪ ಆಧಾರ ಬೇಕಲ್ವಾ" ಅನ್ನುವಳು, ಬೆರಿಲ್‌ಳ ಭುಜ ಮುಟ್ಟಿ "ನಿಮ್ಮ ನೋವು ನಮಗೆ ಅರ್ಥ ಆಗುತ್ತೆ" ಅನ್ನುವಳು. ಈ ಸಲ ಜೂನ್ ತಿಂಗಳಲ್ಲಿ ಬೆರಿಲ್ ಹೋದಾಗ ಅವಳ ಕೈಗೆ ಎರಡು ಪುಕ್ಕಟೆ ಟಿಕೆಟ್ಟು ಇಟ್ಟಳು.

"ಮುಂದಿನ ತಿಂಗಳು ಸಮಿತಿ ಕೂರುತ್ತೆ, ಮಿಸ್ ಹಾಲ್‌ಸ್ಟೆಡ್. ಅದಕ್ಕೂ ಮೊದ್ಲು ಈ ನಾಟಕ ನೋಡಿ. ಇಲ್ಲೇ, ನಮ್ಮ ಹಳೇ ಕೋರ್ಟ್ ಹಾಲಿನಲ್ಲೇ ಆಡ್ತಾರೆ. ಕೆಜಾಯಳ ಕಥೆಗೆ ನಾವು ದನಿ ಕೊಡ್ತಾ ಇದ್ದೀವಿ."

ದನಿ ಕೊಡುತ್ತಾರಂತೆ. ಬೆರಿಲ್ ಆ ಮಾತನ್ನು ನಂಬಿದಳು. ಶನಿವಾರ ಸಂಜೆ ಚರ್ಚಿಗೆ ಹೋಗುವ ನೀಲಿ ಕೋಟು ತೊಟ್ಟು, ತೀರಿಹೋದ ತಮ್ಮನ ಹೆಂಡತಿ ಗ್ಲೆನಿಸ್‌ಳನ್ನು ಜೊತೆಗೆ ಕರೆದುಕೊಂಡು ಹೊರಟಳು. ಗ್ಲೆನಿಸ್‌ಗೆ ಕೊಲೆ ಅಂದರೆ ಪ್ರಾಣ. ಟಿವಿಯಲ್ಲಿ ಯಾರಾದರೂ ಸತ್ತರೆ ಮಾತ್ರ ಅವಳ ಟೀ ರುಚಿಸುತ್ತದೆ.

ಮ್ಯೂಸಿಯಂ ಒಳಗೆ ಕಾಲಿಡುತ್ತಿದ್ದಂತೆ ಅಂಗಡಿ. ಪಾತ್ರೆ ಒರೆಸುವ ಬಟ್ಟೆಯ ಮೇಲೆ ಪಿಕರ್‌ಸ್ಗಿಲ್ಲನ ಮೀಸೆ. ಪಿಯಾನೊ ಪೆಟ್ಟಿಗೆಯ ಆಕಾರದ ಬಿಸ್ಕತ್ತಿನ ಡಬ್ಬಿ. ಜ್ಯೇಷ್ಠಮಧುವಿನ ಕಪ್ಪು ಮಿಠಾಯಿಯನ್ನು ಉದ್ದಕ್ಕೆ ಹೆಣೆದು, ತುದಿಗೆ ಕೆಂಪು ರಿಬ್ಬನ್ನು ಕಟ್ಟಿ, ಗಾಜಿನ ಭರಣಿಯಲ್ಲಿ ನಿಲ್ಲಿಸಿದ್ದರು. ಮೇಲೆ ಚೀಟಿ: 'ಕಿಟ್ಟಿಯ ಜಡೆ'.

"ಕಿಟ್ಟಿ ಯಾರು?" ಬೆರಿಲ್ ಕೇಳಿದಳು.

"ಅದೇ ಮೇಡಂ, ಸತ್ತ ಕೆಲಸದ ಹುಡುಗಿ," ಎಂದಳು ಅಂಗಡಿಯವಳು ನಗುನಗುತ್ತ. "ನಿಜವಾದ ಹೆಸರು ಏನೋ ಇತ್ತು, ಬೈಬಲ್ಲಿನದು. ನಟರಿಗೆ ನಾಲಿಗೆ ತಿರುಗಲ್ಲ ಅಂತ ಬದಲಾಯಿಸಿದ್ರು. ಒಂದು ಕೊಡ್ಲಾ?"

ಬೆರಿಲ್‌ಳ ಕಿವಿ ಬಿಸಿಯಾಯಿತು. ಗ್ಲೆನಿಸ್ ಅವಳ ತೋಳು ಹಿಡಿದು ಎಳೆದಳು. "ಬಾರೇ, ಮಿಠಾಯಿ ಮಾರೋಳ ಜೊತೆ ಏನು ಜಗಳ. ನಿನಗೆ ಜಡೆ ಬೇಕೋ, ಜಗಳ ಬೇಕೋ?"

ಜಡೆ ಬೇಕಿತ್ತು. ಬೆರಿಲ್ ತುಟಿ ಕಚ್ಚಿಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂತಳು. ಹಾಲು ಜನರಿಂದ ತುಂಬಿತ್ತು. ಬಾಗಿಲ ಬಳಿ ಹಳೆ ಕಾಲದ ಕಾನ್‌ಸ್ಟೆಬಲ್ ವೇಷದಲ್ಲಿ ನಿಂತ ದಢೂತಿ ಮನುಷ್ಯ ಅವಳನ್ನು ಕಂಡವನೇ ಹೊಟ್ಟೆ ಒಳಗೆಳೆದುಕೊಂಡ. ನಾರ್ಮನ್ ಟ್ವೀಡಲ್. ಒಮ್ಮೆ ಬಿಸಿ ಮೀನು, ಆಲೂಗಡ್ಡೆ ಚಿಪ್ಸ್ ಹಿಡಿದು ಬಸ್ಸೇರಿ, ಹೊಸ ಸೀಟಿಗೆಲ್ಲ ವಿನಿಗರ್ ಚೆಲ್ಲಿ, ಸೇತುವೆಯ ಬಳಿ ಅವಳಿಂದ ಇಳಿಸಿಕೊಂಡಿದ್ದವನು.

ನಾಟಕ ಶುರುವಾಯಿತು. ಪಿಕರ್‌ಸ್ಗಿಲ್ ಪಾತ್ರದವನು ಪಿಯಾನೊ ಬಾರಿಸಿಕೊಂಡೇ ಬಂದ. ಎಣ್ಣೆ ಹಚ್ಚಿದ ಮೀಸೆ, ಕಣ್ಣು ಹೊಡೆಯುವ ಚಟ, ಚಂದದ ಕಂಠ. ಜನ "ಬೂ" ಎಂದು ಕೂಗಿದರು, ಅವನು ಕೈಮುಗಿದ, ಇನ್ನೂ ಜೋರಾಗಿ ಕೂಗಿದರು. ಈ ದೇಶದಲ್ಲಿ ಮಗು ಸರಿಯಾಗಿ ನಡೆಯಲು ಕಲಿಯುವ ಮೊದಲೇ ಕ್ರಿಸ್‌ಮಸ್ ನಾಟಕದಲ್ಲಿ ಕೂತು ಕೂಗಲು ಕಲಿಯುತ್ತದೆ. ಕೇಡಿಗ ಬಂದರೆ "ಬೂ" ಅನ್ನಬೇಕು, ಅವನು ಬೆನ್ನ ಹಿಂದೆ ಸುಳಿದರೆ "ನಿನ್ನ ಹಿಂದೆ, ಹಿಂದೆ!" ಎಂದು ಕಿರಿಚಬೇಕು, ಲಂಗ ತೊಟ್ಟ ಗಂಡಸು ಬಂದರೆ ಬಿದ್ದು ಬಿದ್ದು ನಗಬೇಕು. ದೊಡ್ಡವರಾದ ಮೇಲೂ ಆ ಬುದ್ಧಿ ಹೋಗುವುದಿಲ್ಲ. ಗ್ಲೆನಿಸ್ ಕೂಡ ಬಾಯಿಗೆ ಕೈ ಅಡ್ಡ ಇಟ್ಟು "ಬೂ" ಎಂದಳು, ಆಮೇಲೆ ಬೆರಿಲ್‌ಳ ಮುಖ ನೋಡಿ ಕೈ ಇಳಿಸಿದಳು.

ಕೆಜಾಯ ಎಲ್ಲಿ? ಕೆಜಾಯಳೇ ಇರಲಿಲ್ಲ. ಅವಳ ಪಾತ್ರಕ್ಕೆ ಒಬ್ಬ ಹುಡುಗಿಯನ್ನೂ ಹಾಕಿರಲಿಲ್ಲ. ಚಿಂದಿ ತುಂಬಿದ ಒಂದು ಬೊಂಬೆ, ತಲೆಗೆ ಬಿಳಿ ಟೋಪಿ, ಕಣ್ಣಿನ ಜಾಗದಲ್ಲಿ ಎರಡು ಗುಂಡಿ. ಪಿಕರ್‌ಸ್ಗಿಲ್ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡು ಹೇಳಿದ. ತಲೆಯ ಮೇಲೆ ಕುಟ್ಟಿ, ಪೆಟ್ಟಿಗೆಗೆ ತುರುಕಿದ. ಕಾಲು ಒಳಗೆ ಹಿಡಿಸಲಿಲ್ಲ. ಒಂದು ಕಾಲು ಮಡಿಸಿದರೆ ಇನ್ನೊಂದು ಹೊರಗೆ ಬರುವುದು, ಅದನ್ನು ಒತ್ತಿದರೆ ಇದು. ಜನ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಬೊಂಬೆಯನ್ನು ಜನರ ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸುತ್ತ ಹಿಂದಿನ ಸಾಲಿನವರೆಗೂ ಕಳಿಸಿದರು. ಅದೇ ಕಾಲುವೆಯಂತೆ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ಬೊಂಬೆ ತನ್ನ ತಲೆಯ ಮೇಲೆ ಬಂದಾಗ ಬೆರಿಲ್ ಕೈ ಎತ್ತಲಿಲ್ಲ. ಅದರ ಚಿಂದಿಯ ಕಾಲು ಅವಳ ಕೆನ್ನೆಗೆ ಸವರಿಕೊಂಡು ಹೋಯಿತು.

ನಡುವೆ ಬಿಡುವು ಕೊಟ್ಟರು. ಜನ ಹಸಿರು ಬಣ್ಣದ ಜಿನ್ ಕುಡಿಯುತ್ತ, ಅದಕ್ಕೆ 'ಕಾಲುವೆ ನೀರು' ಎಂದು ಹೆಸರಿಟ್ಟ ಪುಣ್ಯಾತ್ಮನನ್ನು ಮೆಚ್ಚುತ್ತ, ಜಡೆ ಮಿಠಾಯಿ ಜಗಿಯುತ್ತ ನಿಂತರು. ಬೆರಿಲ್ ನೇರ ಫಿಲಿಪಾಳ ಬಳಿ ಹೋದಳು. ಈಗಲೂ ದನಿ ತಗ್ಗಿಸಿಯೇ ಮಾತಾಡಿದಳು. ಹಾಗೆ ತಗ್ಗಿಸಿದ್ದಕ್ಕೆ ಆಮೇಲೆ ತನ್ನ ಮೇಲೆ ತಾನೇ ಉರಿದುಕೊಂಡಳು.

"ನೋಡಿ, ಕೆಜಾಯ ಎಲ್ಲೂ ಬರ್ಲೇ ಇಲ್ವಲ್ಲ."

"ಬರ್ತಾಳೆ, ಬರ್ತಾಳೆ! ಎರಡನೇ ಭಾಗ ಅವಳದ್ದೇ. ಅವಳ ತಾಯಿ ಬರ್ತಾಳೆ. ನಿಮಗೆ ಅಂತಾನೇ ಒಂದು ವಿಶೇಷ ಇಟ್ಟಿದ್ದೀವಿ." ಫಿಲಿಪಾ ಅವಳ ಭುಜ ಮುಟ್ಟಿದಳು. "ನೀವು ಸ್ವಲ್ಪ ಭಾವುಕರಾಗಿದ್ದೀರ, ಅಲ್ವಾ? ಸಹಜ ಬಿಡಿ."

ಗ್ಲೆನಿಸ್ ಗುಟುಕು ಜಿನ್ ನುಂಗಿ ಪಿಸುಗುಟ್ಟಿದಳು: "ಹೊರಟುಬಿಡೋಣ ಕಣೇ. ನಿನ್ನ ಮುಖ ನೋಡಿದ್ರೆ ನನಗೇ ಭಯ ಆಗ್ತಿದೆ. ಸಮಿತಿ ಮುಗೀಲಿ, ಜಡೆ ಕೈಗೆ ಬರ್ಲಿ, ಆಮೇಲೆ ಇವಳಿಗೆ ಎಷ್ಟು ಬೇಕೋ ಅಷ್ಟು ಬಯ್ಯಿ. ನಾನೂ ಒಂದೆರಡು ಸೇರಿಸ್ತೀನಿ."

"ತಾಯಿ ಬರ್ತಾಳಂತೆ," ಎಂದಳು ಬೆರಿಲ್. "ಅವಳನ್ನ ನೋಡ್ಕೊಂಡೇ ಹೋಗ್ತೀನಿ."

ತಾಯಿ ಬಂದಳು. ಆರಡಿ ಎತ್ತರದ ಗಂಡಸು, ಹರಕು ಲಂಗ, ಎದೆಗೆ ತುರುಕಿದ ಎರಡು ದಿಂಬು, ಕೆಂಪು ಮೂಗು, ಕೈಯಲ್ಲಿ ಸಾರಾಯಿ ಬಾಟಲಿ. ಬಂದವಳೇ ಮೆಟ್ಟಿಲು ಎಡವಿ ಬಿದ್ದಳು, ಲಂಗ ಮೇಲಕ್ಕೆ ಹೋಯಿತು, ಒಳಗೆ ಚುಕ್ಕೆ ಚುಕ್ಕೆಯ ಚಡ್ಡಿ. ಹಾಲಿನ ಸೂರು ಹಾರಿಹೋಗುವಷ್ಟು ನಗು. "ಅಯ್ಯೋ ನನ್ ಕಿಟ್ಟೀ! ಯಾವನಾದ್ರೂ ಒಂದು ಲೋಟ ಕೊಡ್ರಪ್ಪಾ, ಒಣಗಿದ ಗಂಟಲಲ್ಲಿ ಅಳೋಕಾಗುತ್ತಾ?" ಎಂದು ಆ ಗಂಡಸು ಕೀರಲು ದನಿಯಲ್ಲಿ ಅತ್ತ.

ಬೆರಿಲ್ ನಗುವವರ ಕಡೆಗೆ ತಿರುಗಿ ನೋಡಿದಳು. ಪಾಪದ ಜನ, ಕೆಟ್ಟವರೇನಲ್ಲ. ಅವಳ ಬಸ್ಸಿನಲ್ಲಿ ದಿನಾ ಓಡಾಡಿದವರೇ. ಅದೇ ಅವಳಿಗೆ ಇನ್ನೂ ಹೆಚ್ಚು ಸಿಟ್ಟು ತಂದಿತು. ಹ್ಯಾನಾ ಹಾಲ್‌ಸ್ಟೆಡ್ ಕುಡಿದವಳಲ್ಲ. ಬೆಳಗಿನ ಜಾವ ಗಿರಣಿಯ ಸಿಳ್ಳೆ ಊದಿದರೆ ಮಗ್ಗದ ಮುಂದೆ ನಿಂತವಳು ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದಳು. ಮಗ್ಗದ ಸದ್ದಿಗೆ ಕಿವಿ ಕೆಟ್ಟಿತ್ತು. ಕೋರ್ಟಿನಲ್ಲಿ, ಇದೇ ಹಾಲಿನಲ್ಲಿ, ವಕೀಲನ ಪ್ರಶ್ನೆ ಕೇಳಿಸದೆ ಮತ್ತೆ ಮತ್ತೆ "ಏನಂದ್ರಿ ಸಾರ್?" ಎಂದು ಕೇಳಿದಾಗ ಅಂದೂ ಜನ ನಕ್ಕಿದ್ದರಂತೆ. ಅಪ್ಪ ಅದನ್ನು ಹೇಳುವಾಗಲೆಲ್ಲ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ಅಂದು ನಕ್ಕವರ ಮರಿಮಕ್ಕಳು ಇಂದು ಟಿಕೆಟ್ಟು ಕೊಂಡು ಬಂದು ನಗುತ್ತಿದ್ದರು.

ಅಷ್ಟರಲ್ಲಿ ಕಪ್ಪು ಗೌನು ತೊಟ್ಟ ಒಬ್ಬ ಬಂದು ಗಂಟೆ ಬಾರಿಸಿದ. ಮರಣ ವಿಚಾರಣೆಯ ಅಧಿಕಾರಿ ಅವನು.

"ಮಹಾಜನಗಳೇ! ಇವತ್ತು ನೀವೇ ಪಂಚರು. ನಮ್ಮ ರಾಣಿಯವರ ಕಾನೂನು ಏನು ಹೇಳುತ್ತೆ? ಪಂಚರು ಹೆಣವನ್ನ ಕಣ್ಣಾರೆ ಕಾಣದೆ ವಿಚಾರಣೆ ನಡೆಯಕೂಡದು! ಎದ್ದೇಳಿ, ಸಾಲಾಗಿ ಬನ್ನಿ, ನೋಡಿ, ಮುಟ್ಟಿ! ಇನ್ನೂ ಒಂದು ಮಾತು..." ಅವನು ದನಿ ಇಳಿಸಿದ. "ಇವತ್ತು ಮ್ಯೂಸಿಯಂನವರು ವಿಶೇಷವಾಗಿ ಗಾಜಿನ ಪೆಟ್ಟಿಗೆ ತೆರೆದಿದ್ದಾರೆ. ಹೆಣದ ಮೇಲಿರೋ ಜಡೆ ಅಸಲಿ! ಸತ್ತವಳ ನಿಜವಾದ ಕೂದಲು!"

ಜನ "ಓ" ಎಂದು ಹಿತವಾಗಿ ನಡುಗಿದರು. ಎರಡು ಮರದ ಕಾಲಿನ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಬೊಂಬೆ ಮಲಗಿಸಿ, ಬೊಂಬೆಯ ಎದೆಯ ಮೇಲೆ ಜಡೆ ಇಟ್ಟಿದ್ದರು. ತುದಿಗೆ ಅಂಗೈ ಅಗಲದ ಕೆಂಪು ರಿಬ್ಬನ್ನಿನ ಹೂವು, ಅಂಗಡಿಯ ಮಿಠಾಯಿಗೆ ಕಟ್ಟಿದಂಥದ್ದೇ. ಫಿಲಿಪಾ ಗೋಡೆಯ ಬಳಿಯಿಂದ ಬೆರಿಲ್ ಕಡೆ ನೋಡಿ ಮುಗುಳ್ನಕ್ಕು ತಲೆಯಾಡಿಸಿದಳು. ಇದೇ ಆ ವಿಶೇಷ.

ಮನೆಯವರು ಐದು ತಲೆಮಾರು ಕೇಳಿದರೂ ತೆರೆಯದ ಗಾಜಿನ ಪೆಟ್ಟಿಗೆ. ಒಮ್ಮೆ ಮುಟ್ಟಿಕೊಳ್ಳುತ್ತೇನೆ ಎಂದು ಅಪ್ಪ ಬೇಡಿದಾಗ "ಕೈ ಬೆವರು ತಾಗಿದ್ರೆ ಹಾಳಾಗುತ್ತೆ ಸಾರ್" ಎಂದು ಕಳಿಸಿದ ಪೆಟ್ಟಿಗೆ. ಈಗ ಜಿನ್ನಿನ ಲೋಟ ಹಿಡಿದ ಕೈ, ಮಿಠಾಯಿ ಅಂಟಿದ ಕೈ, ಎಲ್ಲ ಕೈಗಳೂ ಆ ಜಡೆಯನ್ನು ಸವರುತ್ತಿದ್ದವು. ಒಬ್ಬ ಅದನ್ನು ತನ್ನ ಮೇಲ್ದುಟಿಗೆ ಹಿಡಿದು ಮೀಸೆ ಮಾಡಿಕೊಂಡು ಹೆಂಡತಿಗೆ ತೋರಿಸಿದ. ಅವಳು "ಥೂ, ಕೊಳಕ" ಎಂದು ನಕ್ಕು ಫೋಟೊ ತೆಗೆದಳು. ಬೆಂದ ಮನೆಯಲ್ಲಿ ಗಳ ಹಿರಿಯುವವರನ್ನು ಬೆರಿಲ್ ಕಂಡಿದ್ದಳು. ಹಿರಿದ ಗಳದಲ್ಲಿ ಆಟವಾಡುವವರನ್ನು ಇಂದೇ ಕಂಡದ್ದು.

ಸಾಲು ಮುಂದೆ ಸರಿದು ಅವಳ ಸರದಿ ಬಂತು. ಹಾಗೆ ಮಾಡಬೇಕೆಂದು ಅವಳು ಯೋಚಿಸಿಯೇ ಇರಲಿಲ್ಲ. ಕೈ ಚಾಚಿದಳು, ಜಡೆ ಎತ್ತಿದಳು, ಕೋಟಿನ ಒಳಗೆ ಎದೆಗವಚಿಕೊಂಡು ಬಾಗಿಲ ಕಡೆಗೆ ತಿರುಗಿದಳು.

"ಇದು ನಮ್ಮನೇದು," ಎಂದಳು. ಈ ಸಲ ದನಿ ತಗ್ಗಲಿಲ್ಲ. ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವ ದನಿ ಅದು.

ಯಾರೋ ಚಪ್ಪಾಳೆ ತಟ್ಟಿದರು. ಅಷ್ಟೇ ಸಾಕಾಯಿತು. ಓಹೋ, ನೋಡುವವರ ನಡುವೆಯೇ ಒಬ್ಬ ನಟಿಯನ್ನು ಕೂರಿಸಿದ್ದಾರೆ! ಎಲ್ಲರಿಗೂ ಅರ್ಥವಾಗಿಹೋಯಿತು. ಲಂಗದ ಗಂಡಸು ತಬ್ಬಿಬ್ಬಾಗಿ, ಆದರೂ ಆಟ ನಿಲ್ಲಿಸಬಾರದೆಂದು, "ಕಳ್ಳಿ! ಹಿಡೀರಿ! ನನ್ನ ಮಗಳ ಜಡೆ!" ಎಂದು ಕಿರುಚುತ್ತ ದಿಂಬು ಕುಣಿಸಿಕೊಂಡು ಅಟ್ಟಿಸಿ ಬಂದ. ಜನ ಒಂದೇ ಕಂಠದಲ್ಲಿ "ನಿನ್ನ ಹಿಂದೆ, ಹಿಂದೆ!" ಎಂದು ಬೆರಿಲ್‌ಗೆ ಕೂಗಿ ಹೇಳಿದರು. ಬೆರಿಲ್ ನಿಂತಳು, ತಿರುಗಿದಳು. ಆ ಗಂಡಸಿನ ಕೆಂಪು ಮೂಗನ್ನು, ದಿಂಬನ್ನು, ಚಡ್ಡಿಯನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ಮಗಳಂತೆ. ನಿನಗೆ ಅಮ್ಮ ಇಲ್ವೇನೋ?"

ಅವನ ಕೈ ತನ್ನಷ್ಟಕ್ಕೆ ಕೆಳಗಿಳಿಯಿತು. ಜನ ಸಿಳ್ಳೆ ಹೊಡೆದರು.

ಬಾಗಿಲಲ್ಲಿ ನಾರ್ಮನ್ ಟ್ವೀಡಲ್ ಮರದ ಲಾಠಿ ಅಡ್ಡ ಹಿಡಿದು ನಿಂತಿದ್ದ. ನಾಟಕದಲ್ಲಿ ಇಂಥದ್ದು ಇಲ್ಲ ಎಂದು ಅವನಿಗೆ ಗೊತ್ತು. ಬೆರಿಲ್‌ಳ ಈ ಮುಖವನ್ನೂ ಅವನು ಬಲ್ಲ, ಸೇತುವೆಯ ಬಳಿ ಒಮ್ಮೆ ನೋಡಿದ್ದ. ಲಾಠಿ ಕಂಕುಳಿಗಿಟ್ಟು ಬಾಗಿಲು ತೆಗೆದ.

"ಮೆಟ್ಲು ನೋಡ್ಕೊಂಡು ಇಳಿ, ಬೆರಿಲ್. ಒದ್ದೆ ಇದೆ."

ಹೊರಗೆ ಇನ್ನೂ ಬೆಳಕಿತ್ತು. ಬೆರಿಲ್ ಮೆಟ್ಟಿಲ ನಡುವಿಗೆ ಬಂದಿದ್ದಳೋ ಇಲ್ಲವೋ, ಪಕ್ಕದ ಬಾಗಿಲಿನಿಂದ ಫಿಲಿಪಾ ಓಡಿ ಬಂದು ಕೆಳಗಿನ ಮೆಟ್ಟಿಲಿನಲ್ಲಿ ಅಡ್ಡ ನಿಂತಳು. ಅವಳ ಮುಖದ ತುಪ್ಪವೆಲ್ಲ ಕರಗಿಹೋಗಿತ್ತು.

"ಕೊಡಿ ಇಲ್ಲಿ. ಅದು ಮ್ಯೂಸಿಯಂ ಸ್ವತ್ತು, ಮಿಸ್ ಹಾಲ್‌ಸ್ಟೆಡ್. ಎಷ್ಟು ನಾಜೂಕಾದ ವಸ್ತು ಅಂತ ಗೊತ್ತಾ ನಿಮಗೆ? ಕೈ ಬೆವರು ತಾಗಿದ್ರೆ..."

"ಊರಿನವರ ಬೆವರೆಲ್ಲ ಬಳಿದಾಯ್ತಲ್ಲ ಈಗ? ಆ ಬೆವರು ಏನೂ ಮಾಡಲ್ಲ, ನಮ್ಮ ಬೆವರಿಗೆ ಮಾತ್ರ ಹಾಳಾಗುತ್ತೇನಮ್ಮ?"

ಹಿಂದಿನಿಂದ ಗುಜುಗುಜು ಕೇಳಿಸಿತು. ಹಾಲಿನಲ್ಲಿದ್ದವರೆಲ್ಲ ಲೋಟ ಹಿಡಿದುಕೊಂಡೇ ಹೊರಗೆ ಬಂದು ಮೆಟ್ಟಿಲ ಮೇಲೆ ನೆರೆದಿದ್ದರು. ನಟರು ಎಲ್ಲಿ ಹೋದರೆ ಅಲ್ಲಿಗೆ ಹಿಂಬಾಲಿಸುವ ನಾಟಕಗಳೂ ಉಂಟಲ್ಲ, ಇದೂ ಹಾಗೆಯೇ ಎಂದುಕೊಂಡಿದ್ದರು. ಫಿಲಿಪಾ ಅಡ್ಡ ನಿಂತದ್ದು ಕಂಡು ಅವಳಿಗೆ "ಬೂ" ಎಂದರು. ಫಿಲಿಪಾ ಕೆಂಪಾದಳು.

"ದಯವಿಟ್ಟು ಒಳಗೆ ಹೋಗಿ. ಇದು ನಾಟಕ ಅಲ್ಲ."

"ಬೂ!"

"ಇದು ನಾಟಕ ಅಲ್ಲ," ಎಂದಳು ಬೆರಿಲ್ ಕೂಡ, ಅವರ ಕಡೆಗೆ ತಿರುಗಿ. "ಅವಳ ಹೆಸರು ಕಿಟ್ಟಿ ಅಲ್ಲ. ಕೆಜಾಯ. ಕೆಜಾಯ ಹಾಲ್‌ಸ್ಟೆಡ್. ಹದಿನಾರು ವರ್ಷ. ಅವಳ ತಮ್ಮನ ಮರಿಮಗಳು ನಾನು. ಇದನ್ನ ಹೆಣೆದೋಳು ಅವಳಮ್ಮ. ಆಯಮ್ಮ ಒಂದು ತೊಟ್ಟು ಕುಡಿದೋಳಲ್ಲ. ಇದೇ ಹಾಲಿನಲ್ಲಿ ನಿಂತು ಮಗಳ ಹೆಣದ ಮಾತು ಹೇಳುವಾಗ ನಿಮ್ಮ ಮುತ್ತಜ್ಜಂದಿರು ನಕ್ಕಿದ್ರು. ಇವತ್ತು ನೀವು ನಕ್ಕಿದ್ದೀರ. ಕೊಂದೋನಿಗೆ ಹಾಡು ಕೊಟ್ಟಿದ್ದೀರ, ಸತ್ತೋಳಿಗೆ ಗುಂಡಿ ಕಣ್ಣು ಕೊಟ್ಟಿದ್ದೀರ. ನಾಚ್ಕೆ ಆಗಲ್ವಾ ನಿಮಗೆ?"

ಮುಂದೆ ನಿಂತಿದ್ದ ಒಬ್ಬಾಕೆಯ ಬಾಯಲ್ಲಿ ಅರ್ಧ ಕಚ್ಚಿದ ಜಡೆ ಮಿಠಾಯಿ ಹಾಗೆಯೇ ನೇತಾಡುತ್ತಿತ್ತು. ನಾಟಿತೇನೋ ಎಂದು ಬೆರಿಲ್‌ಗೆ ಅನ್ನಿಸಿತು, ಒಂದೇ ಒಂದು ಗಳಿಗೆ.

ಆಮೇಲೆ ಚಪ್ಪಾಳೆ ಬಿತ್ತು. ಅಂದು ಸಂಜೆಯ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ. "ಏನು ಮಾಡ್ತಾಳಪ್ಪಾ! ಮೈ ಜುಂ ಅಂತು ನೋಡು," ಎಂದು ಮೀಸೆ ಮಾಡಿಕೊಂಡವನು ಹೆಂಡತಿಗೆ ಹೇಳಿದ. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಫೋಟೊ ತೆಗೆದಳು. "ಕೊಟ್ಬಿಡೇ ಅವಳಿಗೆ!" ಎಂದು ಯಾರೋ ಫಿಲಿಪಾಗೆ ಕೂಗಿದರು. "ಬಿಡೇ ದಾರಿ!"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಿ ಕಿರಿಚಿದರೂ ಬೆಕ್ಕಿಗೆ ಅದೂ ಆಟವೇ. ಈ ಜನಕ್ಕೆ ಇನ್ನು ಏನು ಹೇಳಿದರೂ ಚಪ್ಪಾಳೆಯೇ ಸಿಗುವುದು. ಗುಂಪಿನ ನಡುವೆ ಒಬ್ಬಳು ಮಾತ್ರ ಚಪ್ಪಾಳೆ ತಟ್ಟುತ್ತಿರಲಿಲ್ಲ, ಗ್ಲೆನಿಸ್. ಅವಳು ಲೋಟದಲ್ಲಿ ಉಳಿದಿದ್ದ ಹಸಿರು ಜಿನ್ನನ್ನು ಮೆಟ್ಟಿಲ ಮೇಲೆ ಚೆಲ್ಲಿ, ಜನರನ್ನು ತಳ್ಳಿಕೊಂಡು ಬಂದು ಬೆರಿಲ್‌ಳ ಪಕ್ಕದಲ್ಲಿ ನಿಂತಳು.

ಫಿಲಿಪಾ ಹತ್ತಿರ ಬಂದು ಜನರಿಗೆ ಕೇಳದಂತೆ ಹಲ್ಲುಮುಡಿ ಕಚ್ಚಿ ಹೇಳಿದಳು: "ಈಗ ಕೊಟ್ರೆ ಸರಿ. ಇಲ್ಲಾಂದ್ರೆ ಸಮಿತಿ ನಿಮ್ಮ ಅರ್ಜಿ ನೋಡೋದೇ ಇಲ್ಲ. ಪೊಲೀಸರಿಗೆ ಹೇಳ್ತೀನಿ."

"ಇಳಿ," ಎಂದಳು ಬೆರಿಲ್.

"ಏನಂದ್ರಿ?"

ಬೆರಿಲ್ ಎರಡನೆಯ ಸಲ ಹೇಳಲಿಲ್ಲ. ಸುಮ್ಮನೆ ನೋಡಿದಳು. ಫಿಲಿಪಾ ಮೆಟ್ಟಿಲು ಇಳಿದು ಪಕ್ಕಕ್ಕೆ ಸರಿದಳು. ಹೆಂಗಸರಿಬ್ಬರೂ ಚಪ್ಪಾಳೆಯ ನಡುವೆಯೇ ನಡೆದು ಬಸ್ ಸ್ಟಾಪಿಗೆ ಹೋದರು. ಹಿಂದೆ ಜನ ಸ್ವಲ್ಪ ಹೊತ್ತು ಕಾದರು. ಮುಂದಿನ ಅಂಕ ಎಲ್ಲಿ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

ಬಸ್ಸಿನಲ್ಲಿ ಗ್ಲೆನಿಸ್, "ನಾನೂ ನಕ್ಕೆ ಕಣೇ," ಎಂದಳು. "ಆ ಚಡ್ಡಿ ಕಂಡಾಗ."

"ನೋಡ್ದೆ."

"ಬಯ್ಯಲ್ವಾ?"

"ಇವತ್ತಿಗೆ ಬಯ್ಗುಳ ಮುಗೀತು. ನಾಳೆ ಬಾ, ಬಯ್ತೀನಿ."

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಶುಭ್ರವಾದ ಬಟ್ಟೆ ಹಾಸಿ ಜಡೆ ಇಟ್ಟಳು. ಕೆಂಪು ರಿಬ್ಬನ್ನಿನ ಹೂವನ್ನು ಕ್ಷಣದಲ್ಲಿ ಬಿಚ್ಚಿ ಕಸದ ಬುಟ್ಟಿಗೆ ಎಸೆದಳು. ಒಳಗೆ ಬೂದುಬಣ್ಣದ ನೂಲು ಹಾಗೆಯೇ ಇತ್ತು, ಗೋಧಿ ಕಾಳಿನಷ್ಟು ಚಿಕ್ಕ ಗಂಟು. ಕಾಲುವೆಯ ನೀರಿಗೂ, ವಕೀಲರ ಕೈಗೂ, ಇಂದಿನ ಜನರ ಬೆರಳಿಗೂ ಬಿಚ್ಚಿಕೊಂಡಿರಲಿಲ್ಲ. ಸಂಜೆಯಿಡೀ ಅಳದವಳು ಆಗ ಅತ್ತಳು. ಅಳುತ್ತಲೇ ಫಿಲಿಪಾಳನ್ನು, ಲಂಗದವನನ್ನು, ಮೀಸೆ ಮಾಡಿಕೊಂಡವನನ್ನು, ಹೆಸರು ಗೊತ್ತಿದ್ದವರನ್ನು ಹೆಸರು ಹಿಡಿದು, ಗೊತ್ತಿಲ್ಲದವರನ್ನು ಬರಿದೇ ಬೈದಳು.

ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಘಂಟೆ ಹೊಡೆಯುವಾಗ, ಕೆಂಪು ಹೂ ಬಿಟ್ಟ ಒಂದು ಕುಂಡ ಜೆರೇನಿಯಂ ಗಿಡ, ಗಿಡ ನೆಡುವ ಪುಟ್ಟ ಗುದ್ದಲಿ ಹಿಡಿದು ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋದಳು. ಕೈಯಲ್ಲಿ ಹೂವಿನ ಗಿಡ ಹಿಡಿದ ಮುದುಕಿಯನ್ನು ಈ ದೇಶದಲ್ಲಿ ಯಾರೂ ತಡೆಯುವುದಿಲ್ಲ, ತಲೆಬಾಗಿ ದಾರಿ ಬಿಡುತ್ತಾರೆ. ಗೋಡೆಯ ಪಕ್ಕದ ಗೋರಿಯಲ್ಲಿ ಮೊಣಕೈ ಆಳ ಅಗೆದಳು. ಬಟ್ಟೆಯಲ್ಲಿ ಸುತ್ತಿದ ಜಡೆ ಇಟ್ಟು, ಮಣ್ಣು ಮುಚ್ಚಿ, ಮೇಲೆ ಗಿಡ ನೆಟ್ಟಳು. ಹೇಳಬೇಕು ಅಂದುಕೊಂಡ ಪ್ರಾರ್ಥನೆ ನೆನಪಾಗಲಿಲ್ಲ. "ತಗೋ ಅಜ್ಜಿ," ಎಂದಳು, ಅಷ್ಟೇ.

ಸೋಮವಾರ ಬಾಗಿಲು ಬಡಿದದ್ದು ನಿಜವಾದ ಪೊಲೀಸು. ಹರೆಯದವನು, ಟೋಪಿ ಕಂಕುಳಲ್ಲಿಟ್ಟುಕೊಂಡು ಮರ್ಯಾದೆಯಿಂದಲೇ ಮಾತಾಡಿದ. ಮ್ಯೂಸಿಯಂನವರು ದೂರು ಕೊಟ್ಟಿದ್ದಾರೆ, ವಸ್ತು ವಾಪಸು ಬಂದರೆ ಮುಂದಕ್ಕೆ ಹೋಗುವುದಿಲ್ಲ ಅಂದಿದ್ದಾರೆ, ಎಂದ. ಬೆರಿಲ್ ಅವನನ್ನು ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಂತಳು.

"ಜಡೆ ಎಲ್ಲಿದೆ ಅಂತ ಹೇಳಿದ್ರೆ ಸಾಕು ಮೇಡಂ."

"ಯಾರದೋ ಅವರಿಗೆ ಕೊಟ್ಬಿಟ್ಟೆ."

"ಯಾರಿಗೆ?"

"ಹ್ಯಾನಾ ಹಾಲ್‌ಸ್ಟೆಡ್‌ಗೆ. ಯಾವ ಠಾಣೆ ನಿಂದು? ಈ ಊರಿನದೇ ತಾನೆ? ವಿಚಾರಣೆ ಮುಗಿದ್ಮೇಲೆ ವಾಪಸು ಕೊಡ್ತೀವಮ್ಮ ಅಂತ ಅವಳಿಗೆ ಮಾತು ಕೊಟ್ಟಿದ್ದು ನಿಮ್ಮ ಠಾಣೆಯವರೇ. ನೀವು ಕೊಡ್ಲಿಲ್ಲ, ನಾನು ಕೊಟ್ಟೆ."

ಅವನಿಗೆ ಏನೂ ತಿಳಿಯಲಿಲ್ಲ. ಪಾಪ, ಅವನಿಗೆ ಯಾರೂ ಹೇಳಿಯೇ ಇರಲಿಲ್ಲ. "ಆಯಮ್ಮನ ವಿಳಾಸ ಕೊಡ್ತೀರಾ? ನಾನೇ ಹೋಗಿ ಮಾತಾಡ್ತೀನಿ," ಎಂದ.

"ಚರ್ಚ್ ಹಿಂದೆ ಹೋಗು. ಗೋಡೆ ಪಕ್ಕದ ಸಾಲು, ಎಡಗಡೆ ಕೊನೇದು, ಹೊಸದಾಗಿ ಕೆಂಪು ಹೂ ನೆಟ್ಟಿದೆ. ಸ್ವಲ್ಪ ಜೋರಾಗಿ ಮಾತಾಡು, ಅವಳಿಗೆ ಕಿವಿ ಮಂದ. ಮಾತು ಉಳಿಸ್ಕೊಳ್ಳೋದು ತಡ ಆಯ್ತು, ಕ್ಷಮಿಸಮ್ಮ ಅಂತ ನಿಮ್ಮ ಠಾಣೆ ಪರವಾಗಿ ಹೇಳು. ಆಮೇಲೆ ಧೈರ್ಯ ಇದ್ರೆ, ವಾಪಸು ಕೊಡು ಅಂತ ನೀನೇ ಕೇಳು."